ಹಡಗಲಿಯಿಂದ ಬೇಕರ್ ಲ್ಯಾಬೊರೇಟರಿಗೆ

ಮೊದಲ ದಿನ

ಬೆಳಗಿನ ಬಸ್ಸಿಗೆ ಹೂವಿನಹಡಗಲಿ ಬಿಟ್ಟೆವು. ಹೊಸಪೇಟೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹಿಡಿಯಬೇಕಿತ್ತು. ನಮ್ಮನೆಯವರು ಹಿಂದಿನ ದಿನವೇ ಸಜ್ಜೆ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಕುಟ್ಟಿ, ಮೊಸರನ್ನದ ಡಬ್ಬಿ ಕಟ್ಟಿಟ್ಟಿದ್ದರು. ಮಗಳು ಕೋಲ್ಕತ್ತಾದ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಅವಳನ್ನು ನೋಡುವುದು ಒಂದು ನೆಪ. ನಿಜವಾಗಿ ನನಗೆ ನೋಡಬೇಕಿದ್ದದ್ದು ಅಲ್ಲಿನ ಹಳೆಯ ಕಾಲೇಜೊಂದರ ವಿಜ್ಞಾನ ಕಟ್ಟಡ. ಪ್ರೆಸಿಡೆನ್ಸಿ ಕಾಲೇಜಿನ ಬೇಕರ್ ಲ್ಯಾಬೊರೇಟರಿ.

"ಮೇಷ್ಟ್ರೇ, ಕಾಲೇಜು ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಅಂತ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಕಲ್ಯಂಪುಡಿ ರಾಧಾಕೃಷ್ಣ ರಾವ್, ಅಂದರೆ ಸಿ. ಆರ್. ರಾವ್, ಹುಟ್ಟಿದ್ದು ನಮ್ಮ ಹಡಗಲಿಯಲ್ಲಿ. 1920ರ ಸೆಪ್ಟೆಂಬರ್ 10. ಮನೆಮಾತು ತೆಲುಗು. ತಂದೆ ಪೊಲೀಸ್ ಇನ್‌ಸ್ಪೆಕ್ಟರ್. ಎಂಟನೆಯ ಮಗು ಎಂದು ಕೃಷ್ಣನ ಹೆಸರಿಟ್ಟರು. ತಂದೆಗೆ ವರ್ಗವಾಗುತ್ತಾ ಹೋದಂತೆ ಸಂಸಾರ ಆಂಧ್ರದ ಊರುಗಳಿಗೆ ಹೋಯಿತು. ಆ ಮಗು ಮುಂದೆ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾಯಿತು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಷ್ಟು ಕಾಲವೂ ಸರಾಸರಿಯ ಪಾಠ ಬಂದಾಗ ನಾನು ಅವರ ಹೆಸರು ಎತ್ತದೆ ಮುಂದೆ ಹೋಗಿದ್ದಿಲ್ಲ. ಅವರು ಸಂಖ್ಯಾಶಾಸ್ತ್ರಕ್ಕೆ ಕಾಲಿಟ್ಟ ಜಾಗವೇ ಬೇಕರ್ ಲ್ಯಾಬೊರೇಟರಿ.

ಇನ್ನೊಂದು ಕಾರಣ ನಮ್ಮ ಹೊಲ. ಹೋದ ಹಿಂಗಾರಿಯಲ್ಲಿ ನಮ್ಮ ಜೋಳದ ಹೊಲ, ಇಳುವರಿ ಎಷ್ಟೆಂದು ಅಂದಾಜು ಮಾಡಲು ನಡೆಸುವ ಬೆಳೆ ಕಟಾವು ಪ್ರಯೋಗಕ್ಕೆ ಆಯ್ಕೆಯಾಗಿತ್ತು. ಬೆಳೆ ವಿಮೆ ಕಟ್ಟಿದ ರೈತರಿಗೆಲ್ಲ ಇದು ಗೊತ್ತಿರುತ್ತದೆ. ನೈಋತ್ಯದ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ನಡೆದು ಗೂಟ ಹೊಡೆಯುತ್ತಾರೆ. ಹಗ್ಗ ಎಳೆದು 5 ಮೀಟರ್‌ಗೆ 5 ಮೀಟರ್ ಚೌಕ ಮಾಡುತ್ತಾರೆ. ಅದರೊಳಗಿನ ತೆನೆ ಮಾತ್ರ ಕೊಯ್ದು, ಬಡಿದು, ತೂಗುತ್ತಾರೆ. ಎಷ್ಟು ಹೆಜ್ಜೆ ಎಂಬುದನ್ನು ಬಂದ ನೌಕರರು ತಾವೇ ತೀರ್ಮಾನಿಸುವ ಹಾಗಿಲ್ಲ, ನಾವೂ ಹೇಳುವ ಹಾಗಿಲ್ಲ. ಅದು ಮೊದಲೇ ಗೊತ್ತುಮಾಡಿದ ಸಂಖ್ಯೆಯಿಂದ ಬರಬೇಕು. "ಆ ಕಡೆ ಚೆನ್ನಾಗಿ ಬೆಳೆದೈತಿ, ಅಲ್ಲಿ ಯಾಕೆ ಕೊಯ್ಯಲಿಲ್ಲ?" ಅಂತ ನನ್ನ ತಮ್ಮ ಬೇಜಾರು ಮಾಡಿಕೊಂಡ. ಅವನಿಗೆ ಉತ್ತರ ಹೇಳಲು ಹೋಗಿ ನಾನೇ ಓದುತ್ತಾ ಕುಳಿತೆ. ಓದಿದ ದಾರಿ ಹಿಡಿದು ಹಿಂದೆ ಹೋದರೆ ಅದೂ ಬೇಕರ್ ಲ್ಯಾಬೊರೇಟರಿಯ ಬಾಗಿಲಿಗೇ ಬಂದು ನಿಂತಿತು.

ಹಾಗಾಗಿ ಹೊರಟೆವು. ಗುಂತಕಲ್ ದಾಟುವಾಗ ಕತ್ತಲಾಗಿತ್ತು.

ಎರಡನೆಯ ದಿನ

ಗೋದಾವರಿ ಬಂದಾಗ ಬೆಳಕು ಹರಿಯುತ್ತಿತ್ತು. ಸೇತುವೆ ಮುಗಿಯುವುದೇ ಇಲ್ಲವೇನೋ ಅನ್ನಿಸುವಷ್ಟು ಅಗಲದ ನದಿ. ನಮ್ಮನೆಯವರು ಕಿಟಕಿಯಿಂದ ಒಂದು ರೂಪಾಯಿ ನಾಣ್ಯ ಹಾಕಿ ಕೈಮುಗಿದರು.

ಎದುರು ಸೀಟಿನಲ್ಲಿ ಮೂರು ಮಕ್ಕಳಿದ್ದ ಒಂದು ಕುಟುಂಬ. ಮಕ್ಕಳಿಗೆ ಹೊತ್ತು ಹೋಗುತ್ತಿರಲಿಲ್ಲ. ನನ್ನ ತರಗತಿಯ ಹಳೆಯ ಆಟ ಆಡಿಸಿದೆ. "ಒಂದರಿಂದ ಹತ್ತರೊಳಗೆ ಯಾವುದಾದರೂ ಒಂದು ಅಂಕಿ ಬರೀರಿ, ಸುಮ್ನೆ ಮನಸ್ಸಿಗೆ ಬಂದದ್ದು." ಮಕ್ಕಳು, ಅವರ ಅಪ್ಪ ಅಮ್ಮ, ಪಕ್ಕದ ಬರ್ತಿನವರು ಎಲ್ಲ ಸೇರಿ ಹನ್ನೊಂದು ಜನ ಬರೆದರು. ನಾಲ್ಕು ಜನ 7 ಬರೆದಿದ್ದರು. 1, 10 ಯಾರೂ ಬರೆದಿರಲಿಲ್ಲ. ಎಲ್ಲಿ ಆಡಿಸಿದರೂ ಬಹುಮಟ್ಟಿಗೆ ಹೀಗೇ ಆಗುತ್ತದೆ. ಮನುಷ್ಯನಿಗೆ "ಯಾವುದಾದರೂ ಒಂದು" ಅಂತ ಆರಿಸಲು ಬರುವುದಿಲ್ಲ. ಅವನ ಮನಸ್ಸು ಎಲ್ಲೋ ಒಂದು ಕಡೆ ವಾಲುತ್ತದೆ. ಹೊಲದಲ್ಲಿ ನಿಂತವನೂ ಅಷ್ಟೇ. ಗೊತ್ತಿಲ್ಲದೆಯೇ ಕಾಲು ಚೆನ್ನಾಗಿ ಬೆಳೆದ ಕಡೆಗೋ, ದಾರಿಗೆ ಹತ್ತಿರ ಇರುವ ಕಡೆಗೋ ಹೋಗುತ್ತದೆ. ಹೆಜ್ಜೆಯ ಲೆಕ್ಕವನ್ನು ಯಾರ ಮನಸ್ಸಿಗೂ ಬಿಡದೆ, ಯಾವ ಕ್ರಮವೂ ಇಲ್ಲದೆ ಬರೆದಿಟ್ಟ ಸಂಖ್ಯೆಗಳ ಕೋಷ್ಟಕಕ್ಕೆ ಒಪ್ಪಿಸುವುದು ಇದಕ್ಕೇ.

ವಿಶಾಖಪಟ್ಟಣದ ಸುತ್ತಮುತ್ತ ಬರುವಾಗ ನಾನು ಕಿಟಕಿ ಬಿಟ್ಟು ಏಳಲಿಲ್ಲ. ರಾವ್ ಗಣಿತದಲ್ಲಿ ಎಂ.ಎ. ಮಾಡಿದ್ದು ಇಲ್ಲಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ. ಓದು ಮುಗಿದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಸೇನೆಯ ಸರ್ವೆ ವಿಭಾಗಕ್ಕೆ ಗಣಿತ ಬಲ್ಲವರು ಬೇಕು ಎಂದು ಕೇಳಿ ಕಲ್ಕತ್ತಾಗೆ ಹೊರಟರು. ವಯಸ್ಸು ಚಿಕ್ಕದಾಯಿತು ಎಂದು ಕೆಲಸ ಸಿಗಲಿಲ್ಲ. ಉಳಿದುಕೊಂಡಿದ್ದ ದಕ್ಷಿಣದವರ ಹೋಟೆಲಿನಲ್ಲಿ ಒಬ್ಬ ತರುಣನ ಪರಿಚಯವಾಯಿತು. ಅವನು ಪ್ರೆಸಿಡೆನ್ಸಿ ಕಾಲೇಜಿನೊಳಗೇ ಇದ್ದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಸಂಖ್ಯಾಶಾಸ್ತ್ರದ ತರಬೇತಿಗೆ ಬಂದವನು. ಅವನ ಜೊತೆ ಹೋಗಿ ಆ ಸಂಸ್ಥೆಯನ್ನು ನೋಡಿದರು. ಅರ್ಜಿ ಹಾಕಿದರು. 1941ರ ಜನವರಿ 1ರಂದು ಸೇರಿಕೊಂಡರು. ಹೋಟೆಲಿನ ಪಕ್ಕದ ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಿದ್ದರೆ? ಈ ಪ್ರಶ್ನೆ ನನ್ನನ್ನು ತುಂಬ ವರ್ಷ ಕಾಡಿದೆ.

ಮಧ್ಯಾಹ್ನದ ಮೇಲೆ ಚಿಲಿಕಾ ಸರೋವರ ರೈಲಿನ ಪಕ್ಕದಲ್ಲೇ ಬಹಳ ಹೊತ್ತು ಬಂತು. ಶಾಲಿಮಾರ್‌ನಲ್ಲಿ ಇಳಿದಾಗ ರಾತ್ರಿ. ಮಗಳು ಕಾಯುತ್ತಿದ್ದಳು. ಟ್ಯಾಕ್ಸಿ ಹೂಗ್ಲಿಯನ್ನು ದಾಟುವಾಗ ಕೆಳಗೆ ದೋಣಿಗಳ ದೀಪ ಕಂಡವು. ಉಳಿದ ರೊಟ್ಟಿಯನ್ನು ಅವಳೇ ತಿಂದು ಮುಗಿಸಿದಳು.

ಮೂರನೆಯ ದಿನ

ಬೆಳಗ್ಗೆ ವಿಶ್ರಾಂತಿ. ಮಧ್ಯಾಹ್ನ ಕಾಲೇಜ್ ಸ್ಟ್ರೀಟ್.

ಕಟ್ಟಡ ನೋಡಲು ಅನುಮತಿ ಇದ್ದದ್ದು ಮಾರನೆಯ ದಿನಕ್ಕೆ. ಆದರೂ ಬೀದಿಯನ್ನು ಮೊದಲೇ ನೋಡಿಬಿಡುವ ಆಸೆ. ಎರಡೂ ಕಡೆ ಪುಸ್ತಕದ ಅಂಗಡಿಗಳು. ಅಂಗಡಿ ಅನ್ನುವುದಕ್ಕಿಂತ ಗೂಡು ಎನ್ನಬೇಕು. ತಲೆಗಿಂತ ಎತ್ತರಕ್ಕೆ ಪುಸ್ತಕ ಪೇರಿಸಿ, ನಡುವಿನ ಸಂದಿನಲ್ಲಿ ಒಬ್ಬರು ಕೂತಿರುತ್ತಾರೆ. ಯಾವ ಪುಸ್ತಕ ಕೇಳಿದರೂ ಅವರ ಕೈ ನೇರವಾಗಿ ಆ ಜಾಗಕ್ಕೇ ಹೋಗುತ್ತದೆ. ಹಳೆಯದೊಂದು ಸಂಖ್ಯಾಶಾಸ್ತ್ರದ ಅಭ್ಯಾಸ ಪುಸ್ತಕ ಸಿಕ್ಕಿತು. ಯಾರೋ ಪೆನ್ಸಿಲಿನಲ್ಲಿ ಅಂಚಿನ ತುಂಬ ಲೆಕ್ಕ ಮಾಡಿದ್ದರು. ಆ ಲೆಕ್ಕಗಳಿಗಾಗಿಯೇ ಕೊಂಡೆ.

ಕಾಲೇಜ್ ಸ್ಕ್ವೇರ್ ಕೆರೆಯ ಹತ್ತಿರ ಪ್ಯಾರಾಮೌಂಟ್ ಎಂಬ ಶರಬತ್ತಿನ ಅಂಗಡಿಗೆ ಮಗಳು ಕರೆದುಕೊಂಡು ಹೋದಳು. 1918ರಿಂದ ಇರುವ ಅಂಗಡಿ. ಎಳನೀರಿನ ಶರಬತ್ತು ಅಲ್ಲಿನ ವಿಶೇಷ. ಆ ಶರಬತ್ತು ಮಾಡುವ ರೀತಿಯನ್ನು ಹೇಳಿಕೊಟ್ಟವರು ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಎಂದು ಹೇಳುತ್ತಾರೆ. ರಾಯ್ ಪ್ರೆಸಿಡೆನ್ಸಿಯಲ್ಲಿ 1889ರಿಂದ ಪಾಠ ಮಾಡಿದವರು. ಪಾದರಸದ ನೈಟ್ರೈಟ್ ಮೇಲೆ ಕೆಲಸ ಮಾಡಿ ಹೆಸರಾದವರು, ಬೆಂಗಾಲ್ ಕೆಮಿಕಲ್ಸ್ ಕಾರ್ಖಾನೆ ಕಟ್ಟಿದವರು. ಪಾಠ ಮಾಡುವ ಊರಿನ ಬಾಯಾರಿಕೆಗೂ ಒಂದು ಶರಬತ್ತು ಕೊಟ್ಟರು ಅನ್ನುವ ಮಾತು ನನಗೆ ಬಹಳ ಇಷ್ಟವಾಯಿತು. ಎಳನೀರಿನ ಗಂಜಿ ಹಾಕಿ ಕೊಡುತ್ತಾರೆ. ಎರಡು ಲೋಟ ಕುಡಿದೆ.

ನಾಲ್ಕನೆಯ ದಿನ

ಹತ್ತು ಗಂಟೆಗೆ ಗೇಟಿನಲ್ಲಿದ್ದೆವು. ರಿಜಿಸ್ಟರಿನಲ್ಲಿ ಹೆಸರು, ಊರು ಬರೆಸಿದರು. "ಹೂವಿನಹಡಗಲಿ" ಎಂದು ಬರೆಯುವಾಗ ನನ್ನ ಕೈ ಸ್ವಲ್ಪ ನಡುಗಿತು. ಈ ಅಂಗಳಕ್ಕೆ ಆ ಊರಿನ ಹೆಸರು 1941ರಲ್ಲಿ ಒಮ್ಮೆ ಬಂದಿತ್ತಲ್ಲ.

1817ರಲ್ಲಿ ಹಿಂದೂ ಕಾಲೇಜ್ ಎಂದು ಶುರುವಾದದ್ದು 1855ರಲ್ಲಿ ಪ್ರೆಸಿಡೆನ್ಸಿ ಕಾಲೇಜ್ ಆಯಿತು. ಈಗ ವಿಶ್ವವಿದ್ಯಾಲಯ. ಮುಖ್ಯ ಕಟ್ಟಡ 1874ರದು. ವಿಜ್ಞಾನದ ವಿಭಾಗಗಳು ಬೆಳೆದು ಅಲ್ಲಿ ಜಾಗ ಸಾಲದಾಯಿತು. ಆಗ ಕಟ್ಟಿ 1913ರಲ್ಲಿ ತೆರೆದದ್ದು ಬೇಕರ್ ಲ್ಯಾಬೊರೇಟರಿ. ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಎಡ್ವರ್ಡ್ ಬೇಕರ್ ಹೆಸರು ಅದಕ್ಕೆ. ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಸುತ್ತಿಸಿದಳು. ನನ್ನನ್ನು "ಕಾಕು" ಎಂದು ಕರೆದಳು. ಬಂಗಾಳಿಯಲ್ಲಿ ಚಿಕ್ಕಪ್ಪ. ನಮ್ಮ ಕಡೆಯ "ಕಾಕಾ" ನೆನಪಾಗಿ ಮನೆಯವಳೇ ಅನ್ನಿಸಿದಳು.

ಒಳಗೆ ಕಾಲಿಟ್ಟ ಕೂಡಲೇ ಮನಸ್ಸಿಗೆ ಬರುವುದು ಎತ್ತರ. ತಲೆಯೆತ್ತಿ ನೋಡಬೇಕಾದ ಚಾವಣಿ, ಎತ್ತರದ ಬಾಗಿಲು, ಅಗಲವಾದ ಪಡಸಾಲೆ. ವಿದ್ಯಾರ್ಥಿಗಳು ನೆಲದ ಮೇಲೆ ಗೋಡೆಗೆ ಒರಗಿ ಕೂತು ಬರೆಯುತ್ತಿದ್ದರು. ನಾನು ಇದನ್ನು ನೋಡಿಯೇ ಖುಷಿಪಟ್ಟೆ. ಇದು ನೋಡಲು ಇಟ್ಟ ಕಟ್ಟಡ ಅಲ್ಲ. ಇವತ್ತೂ ಪಾಠ ನಡೆಯುವ ಕಟ್ಟಡ.

ಜಗದೀಶಚಂದ್ರ ಬೋಸ್ ಇಲ್ಲೇ ರೇಡಿಯೋ ಅಲೆಗಳ ಪ್ರಯೋಗ ಮಾಡಿದರು ಎಂದು ಎಷ್ಟೋ ಜನ ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಆ ಕೆಲಸ 1890ರ ದಶಕದ್ದು. ಆಗ ಈ ಕಟ್ಟಡ ಇರಲೇ ಇಲ್ಲ. ಕಾಲೇಜಿನ ಒಂದು ಪುಟ್ಟ ಕೋಣೆಯಲ್ಲಿ ತಮ್ಮ ಕೈಯಿಂದ ಉಪಕರಣ ಮಾಡಿಕೊಂಡು ಅವರು ಅದನ್ನು ಸಾಧಿಸಿದರು. 1885ರಲ್ಲಿ ಸೇರಿದಾಗ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಎಂದರು. ಬೋಸ್ ಪಾಠ ಬಿಡಲಿಲ್ಲ, ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಮೂರು ವರ್ಷ ಹಾಗೇ ನಡೆಯಿತು. ಕೊನೆಗೆ ಪೂರ್ತಿ ಸಂಬಳ, ಹಿಂದಿನ ಬಾಕಿ ಸಮೇತ ಬಂತು. 1915ರಲ್ಲಿ ನಿವೃತ್ತರಾದರು. ಅಂದರೆ ಬೇಕರ್ ಕಟ್ಟಡದಲ್ಲಿ ಅವರಿಗೆ ಸಿಕ್ಕಿದ್ದು ಎರಡೇ ವರ್ಷ. ಅದೇ 1915ರಲ್ಲಿ ಇಲ್ಲಿನ ಇಬ್ಬರು ಸಹಪಾಠಿಗಳು ಮಿಶ್ರ ಗಣಿತದ ಎಂ.ಎಸ್ಸಿ. ಮುಗಿಸಿದರು. ಸತ್ಯೇಂದ್ರನಾಥ ಬೋಸ್ ಮೊದಲ ಸ್ಥಾನ, ಮೇಘನಾದ ಸಾಹಾ ಎರಡನೆಯ ಸ್ಥಾನ. ಇಬ್ಬರ ಹೆಸರೂ ಇವತ್ತು ಭೌತವಿಜ್ಞಾನದ ಪುಸ್ತಕಗಳಲ್ಲಿದೆ.

ಮತ್ತೆ ಅದೇ 1915. ಕೇಂಬ್ರಿಜ್‌ನಿಂದ ರಜೆಗೆಂದು ಬಂದ ಪ್ರಶಾಂತಚಂದ್ರ ಮಹಲನೋಬಿಸ್ ಇಲ್ಲಿ ಭೌತವಿಜ್ಞಾನದ ಮೇಷ್ಟ್ರಾಗಿ ಸೇರಿದರು. ಹೊರಡುವ ಮುಂಚೆ ಕೇಂಬ್ರಿಜ್‌ನಲ್ಲಿ ಅವರ ಗುರುಗಳು ಬಯೋಮೆಟ್ರಿಕಾ ಎಂಬ ಸಂಖ್ಯಾಶಾಸ್ತ್ರದ ಪತ್ರಿಕೆಯ ಸಂಪುಟಗಳನ್ನು ತೋರಿಸಿದ್ದರಂತೆ. ಇವರು ಇಡೀ ಸೆಟ್ಟನ್ನೇ ಕೊಂಡು ಹಡಗಿನಲ್ಲಿ ಓದುತ್ತಾ ಬಂದರು. ದಿನಾ ಭೌತವಿಜ್ಞಾನದ ಪಾಠ, ಉಳಿದ ಹೊತ್ತಿನಲ್ಲಿ ಸಂಖ್ಯೆಗಳ ಹುಚ್ಚು. 1917ರ ಹೊತ್ತಿಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳನ್ನು ಲೆಕ್ಕ ಹಾಕಿ ನೋಡುವ ಕೆಲಸ ಕೊಟ್ಟವರು ಬ್ರಜೇಂದ್ರನಾಥ ಸೀಲ್. ಹೌದು, ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕೆ 1921ರಿಂದ 1930ರವರೆಗೆ ಕುಲಪತಿಯಾಗಿದ್ದ ಅದೇ ಸೀಲ್.

ವಿದ್ಯಾರ್ಥಿನಿ ನಮ್ಮನ್ನು ಭೌತವಿಜ್ಞಾನದ ಗ್ಯಾಲರಿ ತರಗತಿಗೆ ಕರೆದೊಯ್ದಳು. ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು, ಕೆಳಗೆ ಪ್ರಯೋಗ ತೋರಿಸುವ ಉದ್ದನೆಯ ಮೇಜು. ನಾನು ಮೇಜಿನ ಹಿಂದೆ ನಿಂತೆ. ನಮ್ಮನೆಯವರು, ಮಗಳು ಬೆಂಚಿನಲ್ಲಿ ಕೂತರು. "ಅಪ್ಪಾ, ಒಂದು ಪಾಠ ಮಾಡಿ" ಅಂದಳು ಮಗಳು. ಮಾಡಿದೆ. ಆ ಹುಡುಗಿಗೂ ತಿಳಿಯಲೆಂದು ನನಗೆ ಬರುವ ಇಂಗ್ಲಿಷಿನಲ್ಲಿ, ನಡುನಡುವೆ ಕನ್ನಡದಲ್ಲಿ ಮಾಡಿದೆ. ನಿವೃತ್ತಿಯಾದ ಮೇಲೆ ಅದೇ ಮೊದಲ ಪಾಠ.

ನಾನು ಹೇಳಿದ್ದು ಇಷ್ಟು. ಈ ಕಟ್ಟಡದ ಒಂದು ಕೋಣೆಯಲ್ಲಿ ಮಹಲನೋಬಿಸ್ ಸ್ಟ್ಯಾಟಿಸ್ಟಿಕಲ್ ಲ್ಯಾಬೊರೇಟರಿ ಶುರುಮಾಡಿದರು. 1931ರ ಡಿಸೆಂಬರ್ 17ರಂದು ಸಭೆ ಸೇರಿ ಅದನ್ನು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಮಾಡಲು ತೀರ್ಮಾನಿಸಿದರು. ಮೊದಲ ವರ್ಷದ ಪೂರ್ತಿ ಖರ್ಚು 250 ರೂಪಾಯಿಗೂ ಕಡಿಮೆ. ಇದ್ದ ಸಿಬ್ಬಂದಿ ಅರೆಕಾಲಿಕವಾಗಿ ಬರುವ ಒಬ್ಬ ಕಂಪ್ಯೂಟರ್. ಕಂಪ್ಯೂಟರ್ ಅಂದರೆ ಆಗ ಯಂತ್ರ ಅಲ್ಲ, ಕೂತು ಲೆಕ್ಕ ಹಾಕುವ ಮನುಷ್ಯ.

ಆ ಲೆಕ್ಕಗಳು ಎಂಥವು? ಒಂದು ಉದಾಹರಣೆ. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿಯಲ್ಲಿ ದೊಡ್ಡ ಪ್ರವಾಹ ಬಂತು. ನದಿಯ ತಳ ಒಂದು ಅಡಿ ಮೇಲೆದ್ದಿದೆ, ದಂಡೆಯ ಏರಿಗಳನ್ನೂ ಎತ್ತರಿಸಬೇಕು ಎಂದು ಎಂಜಿನಿಯರುಗಳು ಹೇಳಿದರು. ಮಹಲನೋಬಿಸ್ ಸುಮಾರು 60 ವರ್ಷಗಳ ಮಳೆ ಮತ್ತು ನೀರಿನ ಮಟ್ಟದ ದಾಖಲೆ ತರಿಸಿಕೊಂಡು ಕೂತರು. ತಳ ಮೇಲೆದ್ದೇ ಇಲ್ಲ ಎಂದು ತೋರಿಸಿದರು. ಏರಿ ಎತ್ತರಿಸಿ ಪ್ರಯೋಜನವಿಲ್ಲ, ಮೇಲೆ ಎಲ್ಲಾದರೂ ಅಣೆಕಟ್ಟು ಕಟ್ಟಿ ನೀರನ್ನು ಹಿಡಿಯಬೇಕು ಎಂಬ ಕಡೆಗೆ ಅವರ ಲೆಕ್ಕ ಕೈತೋರಿಸಿತು. ತುಂಗಭದ್ರಾ ಡ್ಯಾಮಿನ ಹಿನ್ನೀರಿನ ಪಕ್ಕದ ತಾಲೂಕಿನವನಾದ ನನಗೆ ಇದನ್ನು ಹೇಳುವಾಗ ನದಿ ಕಣ್ಣ ಮುಂದೆಯೇ ಇತ್ತು.

ಇನ್ನೊಂದು, ಸೆಣಬು. ಬಂಗಾಳದಲ್ಲಿ ಎಷ್ಟು ಎಕರೆ ಸೆಣಬು ಬಿತ್ತಿದ್ದಾರೆ? ಎಲ್ಲ ಹೊಲವನ್ನೂ ಎಣಿಸಲು ಹೋದರೆ ಎಣಿಸಿ ಮುಗಿಯುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಎಣಿಸುವವರು ಲಕ್ಷಗಟ್ಟಲೆಯಾದರೆ ತಪ್ಪೂ ಜಾಸ್ತಿ. ಬದಲಿಗೆ, ಯಾರ ಮನಸ್ಸಿಗೂ ಬಿಡದೆ ಸಂಖ್ಯೆಗಳಿಂದ ಆರಿಸಿದ ಸ್ವಲ್ಪ ಹೊಲಗಳನ್ನು ಮಾತ್ರ ಚೆನ್ನಾಗಿ ನೋಡಿ, ಅದರಿಂದ ಇಡೀ ಪ್ರಾಂತದ ಲೆಕ್ಕ ಹೇಳಬಹುದು. ಎಷ್ಟು ತಪ್ಪಾಗಿರಬಹುದು ಎಂಬುದನ್ನೂ ಜೊತೆಗೇ ಹೇಳಬಹುದು. 1937ರಿಂದ ಅವರು ಇದನ್ನು ಮಾಡಿ ತೋರಿಸಿದರು. ಇಳುವರಿ ತಿಳಿಯಲು ಕೊಯ್ದು ತೂಗುವ ಕೆಲಸವೂ ಹೀಗೇ ಬೆಳೆಯಿತು. ಕೊಯ್ಯುವ ಚೌಕ ಎಷ್ಟು ದೊಡ್ಡದಿರಬೇಕು ಎಂಬುದರ ಬಗ್ಗೆ ಮಹಲನೋಬಿಸ್ ಮತ್ತು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಅವರ ನಡುವೆ 1940ರ ದಶಕದಲ್ಲಿ ದೊಡ್ಡ ಚರ್ಚೆಯೇ ಆಯಿತು. ಜಾಗ ಚಿಕ್ಕದಾದರೆ ಗೆರೆಯ ಮೇಲಿನ ಗಿಡಗಳದ್ದೇ ತೊಂದರೆ. ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕೊಯ್ಯುವವರು ಒಳಗೆ ಸೇರಿಸಿಬಿಡುತ್ತಾರೆ. ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ನಮ್ಮ ಜೋಳದ ಹೊಲದಲ್ಲೂ ಹಗ್ಗದ ಕೆಳಗೆ ಒಂದು ದಂಟು ಸಿಕ್ಕಿತ್ತು. ಅದು ಒಳಗೋ ಹೊರಗೋ ಎಂದು ನನ್ನ ತಮ್ಮ ಬಹಳ ಹೊತ್ತು ವಾದ ಮಾಡಿದ್ದ.

"ರೀ, ನಮ್ಮ ಹೊಲದ ಹಗ್ಗ ಇಲ್ಲಿಂದ ಬಂದದ್ದಾ?" ಅಂತ ನಮ್ಮನೆಯವರು ಕೇಳಿದರು. ಹೂಂ ಅಂದೆ.

ರಾವ್ ಬಂದಾಗಲೂ ಸಂಸ್ಥೆ ಈ ಕಾಲೇಜಿನಲ್ಲೇ ಇತ್ತು. ಅದೇ ಹೊತ್ತಿಗೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಶುರುವಾಯಿತು. ಮೊದಲ ತಂಡದಲ್ಲೇ ಸೇರಿ 1943ರಲ್ಲಿ ದಾಖಲೆ ಅಂಕ ತೆಗೆದು ಪಾಸಾದರು. ಆಮೇಲೆ ಅವರೇ ಪಾಠ ಹೇಳತೊಡಗಿದರು. ಒಂದು ದಿನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತ. ಮುಂದೆ ಪುಣೆಯ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ. ಎಂ. ದಾಂಡೇಕರ್ ಅವರು. ಅಂದಾಜಿನ ನಿಖರತೆಗೆ ಮಿತಿ ಹೇಳುವ ಈ ಫಲಿತಾಂಶ ದೊಡ್ಡ ಮಾದರಿಗಳಿಗೆ, ಅಂದರೆ ಆರಿಸಿ ನೋಡಿದ್ದು ಬಹಳ ಇದ್ದಾಗ, ಸರಿ, ಸಣ್ಣ ಮಾದರಿಗೂ ಇದೆಯಾ ಎಂದು ಕೇಳಿದರು. ರಾವ್ ಬಳಿ ಆಗ ಉತ್ತರವಿರಲಿಲ್ಲ. ಆ ರಾತ್ರಿ ಕೂತು ಬಿಡಿಸಿದರು. ಮಾರನೆಯ ದಿನ ತರಗತಿಯಲ್ಲಿ ತೋರಿಸಿದರು. 1945ರಲ್ಲಿ ಪ್ರಕಟವಾದ ಆ ಫಲಿತಾಂಶ ಇವತ್ತು ಕ್ರಾಮೇರ್–ರಾವ್ ಮಿತಿ. ನಮ್ಮ ಹತ್ತಿರ ಇರುವ ಮಾಹಿತಿಯಿಂದ ಎಷ್ಟು ನಿಖರವಾಗಿ ಅಂದಾಜು ಮಾಡಬಹುದು, ಅದಕ್ಕಿಂತ ಮುಂದೆ ಯಾಕೆ ಹೋಗಲಾಗದು ಎಂಬುದರ ಗೆರೆ ಅದು.

ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಅಷ್ಟು ವರ್ಷ ಪಾಠ ಮಾಡಿದೆ. "ಅದು ನಿನಗೆ ಈಗ ಬೇಡ, ಕೂತ್ಕೋ" ಅಂತ ನಾನು ಕೂರಿಸಿದ ಮಕ್ಕಳೂ ಇದ್ದಾರೆ. ಒಂದೆರಡು ಮುಖ ಈಗಲೂ ನೆನಪಿವೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೆವು. ತರಗತಿ ಬಿಟ್ಟಿತು. ಹುಡುಗ ಹುಡುಗಿಯರು ನಮ್ಮನ್ನು ದಾಟಿಕೊಂಡು ಹೋದರು. ಆ ವಿದ್ಯಾರ್ಥಿನಿ ಮಣ್ಣಿನ ಕುಡಿಕೆಯಲ್ಲಿ ಚಹಾ ತಂದುಕೊಟ್ಟಳು. ಕುಡಿದ ಕುಡಿಕೆಯನ್ನು ನಮ್ಮನೆಯವರು ತೊಳೆದು ಬ್ಯಾಗಿನಲ್ಲಿಟ್ಟುಕೊಂಡರು.

ಐದನೆಯ ದಿನ

ಬೆಳಗ್ಗೆ ಬೌ ಬಜಾರ್ ಬೀದಿ. 210ನೇ ನಂಬರಿನ ಜಾಗದಲ್ಲಿ ಈಗ ವಾಣಿಜ್ಯ ಕಾಲೇಜಿದೆ. 1876ರಲ್ಲಿ ವೈದ್ಯ ಮಹೇಂದ್ರಲಾಲ್ ಸರ್ಕಾರ್ ವಿಜ್ಞಾನಕ್ಕೆಂದು ಕಟ್ಟಿದ ಸಂಸ್ಥೆ ಇಲ್ಲಿತ್ತು. ಲೆಕ್ಕಪತ್ರ ಇಲಾಖೆಯ ನೌಕರಿಗೆ 1907ರಲ್ಲಿ ಬಂದ ಸಿ. ವಿ. ರಾಮನ್ ಕಚೇರಿಯ ಹೊತ್ತಿನ ಆಚೆ ಈಚೆ ಇಲ್ಲಿ ಕೆಲಸ ಮಾಡಿದರು. 1928ರ ಫೆಬ್ರವರಿ 28ರ ಬೆಳಕಿನ ಪ್ರಯೋಗ ನಡೆದದ್ದೂ ಇಲ್ಲೇ. ಮಾರ್ಚ್ 16ರಂದು ಅವರು ಅದನ್ನು ಸಭೆಯಲ್ಲಿ ವಿವರಿಸಿದ್ದು ಬೆಂಗಳೂರಿನಲ್ಲಿ. ಆ ಹಳೆಯ ಕಟ್ಟಡ ಈಗ ಇಲ್ಲ. ಬೇಕರ್ ಉಳಿದಿದೆ, ಇದು ಉಳಿಯಲಿಲ್ಲ. ಬೀದಿಯಲ್ಲಿ ನಿಂತು ಅದನ್ನೇ ಯೋಚಿಸಿದೆ. ಉಳಿದ ಕಟ್ಟಡದಲ್ಲಿ ನಿನ್ನೆ ಒಂದು ಮೇಜಿನ ಹಿಂದೆ ನಿಲ್ಲಲು ಸಿಕ್ಕಿತಲ್ಲ, ಇಲ್ಲಿ ನಿಲ್ಲಲು ಮೇಜಿಲ್ಲ. ಸಂಕಟವಾಯಿತು.

ಮಧ್ಯಾಹ್ನ ಬರಾನಗರ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಾಲೇಜಿನಿಂದ ಬಂದು ನೆಲೆಸಿದ್ದು ಇಲ್ಲಿ. ದೊಡ್ಡ ಆವರಣ, ಮರಗಳು, ಕೊಳ. ಒಂದು ಕೋಣೆ ಇಷ್ಟಾಯಿತಲ್ಲ ಎಂದು ಸುತ್ತಿ ಬಂದೆವು. ರಾವ್ 1970ರ ದಶಕದಲ್ಲಿ ಇದರ ನಿರ್ದೇಶಕರೂ ಆಗಿದ್ದರು. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಇದರ ಕೇಂದ್ರವಿದೆ. ನಮ್ಮ ಮಕ್ಕಳು ಅಲ್ಲಿಯ ಪ್ರವೇಶ ಪರೀಕ್ಷೆ ಬರೆಯಬೇಕು ಎಂಬುದು ನನ್ನ ಆಸೆ.

ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. "ಆ ದಂಟು ಒಳಗೋ ಹೊರಗೋ, ಕೇಳಿದೆಯಾ ಅಣ್ಣಾ?" ಅಂದ. ಬುಡ ಎಲ್ಲಿದೆ ನೋಡಬೇಕು, ತೆನೆ ಬಾಗಿದ್ದನ್ನು ನೋಡಬಾರದು ಅಂದೆ. ಫೆಬ್ರವರಿಯಲ್ಲಿ ಜೋಳದ ಕಟಾವು. ಈ ಸಲ ನಮ್ಮ ಊರಿನಲ್ಲಿ ಯಾರ ಹೊಲ ಬಂದರೂ ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕು ಎಂದು ಹೆಡ್ ಮಾಸ್ಟರಿಗೂ ಆಗಲೇ ಫೋನ್ ಹಚ್ಚಿದೆ.